ನೆತ್ತಿಗೆ ಬಾರದ ಸೂರ್ಯನೂ ಮೊಳಕಾಲ್ಮೂರಿನ ಬೀಗರೂ

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ವಿಜ್ಞಾನ ಬಲ್ಲವನು ನಾನೊಬ್ಬನೇ ಎಂದು ನಂಬಿದ್ದೇನೆ. ಬೀದಿಯವರು ನಂಬಿಲ್ಲ, ಅದು ಅವರ ದುರದೃಷ್ಟ. ಯಾವುದೋ ವಿಡಿಯೋ ನೋಡಿ ಮಾಳಿಗೆಯ ಮೇಲೆ ಹಲಗೆಗೆ ಕಡ್ಡಿ ನೆಟ್ಟು ನೆರಳಿನ ಗಡಿಯಾರ ಮಾಡಿದ್ದೆ. ಅದು ಮೊಬೈಲಿಗಿಂತ ಸದಾ ಹಿಂದೆಯೇ ಇರುತ್ತಿತ್ತು. ನಾನೇನು ಬಿಡುವವನೇ? ದಿನಾ ಹಲಗೆಯನ್ನೇ ಒಂದಿಷ್ಟು ತಿರುಗಿಸಿ ಮೊಬೈಲಿಗೆ ಸರಿಮಾಡುತ್ತಿದ್ದೆ. ಸೂರ್ಯನನ್ನೇ ತಿದ್ದಿದ ಮಹಾಪುರುಷ ನಾನು!

ಏಪ್ರಿಲ್ ಕೊನೆಯ ಒಂದು ಸಂಜೆ ಟೀವಿಯವನು ಗುಡುಗಿನ ಸದ್ದು ಹಾಕಿ, ನಾಳೆ ಹನ್ನೆರಡಕ್ಕೆ ಸರಿಯಾಗಿ ಸೂರ್ಯ ನೆತ್ತಿಗೆ ಬರುತ್ತಾನೆ, ರಾಜ್ಯದಲ್ಲಿ ಯಾರಿಗೂ ನೆರಳೇ ಇರುವುದಿಲ್ಲ ಎಂದು ಕೂಗಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಮಗಳು ಕಾವ್ಯ ನಕ್ಕಳು. ನೆರಳಿಲ್ಲದ ದಿನ ಒಂದೊಂದು ಊರಿಗೆ ಒಂದೊಂದು, ನಮ್ಮೂರಿಗೆ ನಾಳೆಯೇನೋ ಸರಿ, ಆದರೆ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ ಊರಿನ ಸೂರ್ಯನ ಲೆಕ್ಕದಲ್ಲಿ, ನಮ್ಮ ನೆತ್ತಿಗೆ ಅವನು ಬರಲು ಹನ್ನೆರಡರ ಮೇಲೆ ಇನ್ನೂ ಇಪ್ಪತ್ತು ನಿಮಿಷ ಬೇಕು ಎಂದಳು. ಅಷ್ಟು ದೊಡ್ಡ ಟೀವಿಯವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತೇನೆ ಎಂದು ಗದರಿದೆ.

ಮರುದಿನವೇ ಕಾವ್ಯಳನ್ನು ನೋಡಲು ಮೊಳಕಾಲ್ಮೂರಿನಿಂದ ಓಬಯ್ಯನವರು ಹೆಂಡತಿ, ಮಗನ ಸಮೇತ ಬಂದರು. ಹುಡುಗ ಕಾವ್ಯಳಿಗೆ ಹಿಡಿಸಿದ್ದ. ಇನ್ನು ಹಿರಿಯರ ಒಪ್ಪಿಗೆಯೊಂದೇ ಬಾಕಿ. ನಮ್ಮ ಕಡೆ ಒಂದು ಪದ್ಧತಿ: ಒಪ್ಪಿಗೆಯಾಗುವ ತನಕ ಗಂಡಿನ ಕಡೆಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದಾರು, ಊಟಕ್ಕೆ ಕೂರುವುದಿಲ್ಲ. ಎಲೆಯ ಮುಂದೆ ಕೂತರೆ ಮಾತು ಮುಗಿಯಿತೆಂದೇ ಅರ್ಥ. ಹೆಂಡತಿ ಶಾರದೆ ಬೆಳಗಿನಿಂದ ಹೋಳಿಗೆ ಮಾಡಿಟ್ಟು ಕಾಯುತ್ತಿದ್ದಳು.

ಮಾತು ಹದಕ್ಕೆ ಬರುತ್ತಿದ್ದಾಗ ನಾನು ಗಡಿಯಾರ ನೋಡಿದೆ. ಹನ್ನೆರಡಕ್ಕೆ ಐದು ನಿಮಿಷ! ನಮ್ಮ ಮನೆಯ ಬುದ್ಧಿಮಟ್ಟ ಬಂದವರಿಗೆ ಗೊತ್ತಾಗಲಿ ಎಂದು ಎಲ್ಲರನ್ನೂ ಮಾಳಿಗೆಗೆ ಎಬ್ಬಿಸಿಕೊಂಡು ಹೋದೆ. ಚಪ್ಪಲಿಗಳು ಬಾಗಿಲಾಚೆಯೇ ಉಳಿದವು. ಕಾಳು ಅಳೆಯುವ ಸೇರನ್ನು ನಡುವೆ ನಿಲ್ಲಿಸಿ, ಇದರ ನೆರಳು ಈಗ ಮಾಯವಾಗುವುದು ಎಂದು ಘೋಷಿಸಿದೆ.

ಹನ್ನೆರಡಾಯಿತು. ಸೇರಿನ ಪಕ್ಕ ಬೆರಳಗಲ ನೆರಳು ಹಾಯಾಗಿ ಮಲಗಿತ್ತು. ಓಬಯ್ಯನವರ ಪಕ್ಕದಲ್ಲಿ ಗೇಣುದ್ದದ್ದು. ಮಾಳಿಗೆ ಕಾದ ಹೆಂಚಾಗಿತ್ತು, ಮೂವರೂ ಕಾಲು ಬದಲಿಸುತ್ತಾ ನಿಂತಿದ್ದರು. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದು ಐದು ನಿಮಿಷ ಬೇಯಿಸಿದೆ. ಕೊನೆಗೆ ಓಬಯ್ಯನವರು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ಪೋದಾಂ ಪಾ" ಅಂದರು. ನಡಿ ಹೋಗೋಣ ಎನ್ನುವಷ್ಟು ತೆಲುಗು ನನಗೂ ಬರುತ್ತದೆ.

ಅವರು ಇಳಿದರು. ಶಾರದೆ ನನ್ನನ್ನು ನೋಡಿದ ನೋಟಕ್ಕೆ ಕೆಳಗಿಳಿಯುವ ಧೈರ್ಯವಾಗಲಿಲ್ಲ. ಒಬ್ಬನೇ ಕೂತು ಟೀವಿಯವನ ವಂಶವನ್ನೆಲ್ಲ ಬೈದೆ. ಮಗಳ ಸಂಬಂಧ ನನ್ನ ಕೈಯಾರೆ ಹಾಳಾಯಿತಲ್ಲ ಎಂದು ನಿಜವಾಗಿಯೂ ಕಣ್ಣು ತುಂಬಿ ಬಂತು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಸೇರಿಗೆ ನೆರಳಿಲ್ಲ! ನನ್ನದು ಪಾದದಡಿ ಅಡಗಿದೆ. ಸೇರಿನ ಸುತ್ತ ಕುಣಿದೆ, ಬನ್ರೀ ಬನ್ರೀ ಎಂದು ಕೂಗಿದೆ. ಯಾರೂ ಬರಲಿಲ್ಲ. ಕೆಳಗೆ ಓಡಿದೆ.

ಮೂವರೂ ಎಲೆಯ ಮುಂದೆ ಕೂತಿದ್ದರು. ಓಬಯ್ಯನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬರ್ರಿ ಬೀಗ್ರೆ, ಕುಂತ್ಕೊಳ್ರಿ" ಅಂದರು.

ಬೀಗರೇ! ಆದದ್ದಿಷ್ಟು: ಕಾವ್ಯ ಅವರಿಗೆ ಮಜ್ಜಿಗೆ ಕೊಟ್ಟು, ಸೂರ್ಯ ತಡವಾಗಿ ಬರುವ ಕಾರಣವನ್ನೂ ಹೇಳಿ, ಅಪ್ಪ ಅಲ್ಲಿಯವರೆಗೆ ಇಳಿಯುವವರಲ್ಲ, ನೀವು ತಣ್ಣಗೆ ಕೂತಿರಿ ಎಂದು ಸಮಾಧಾನ ಮಾಡಿದ್ದಳಂತೆ.

ಏನು ನೋಡಿ ಒಪ್ಪಿದಿರಿ ಎಂದು ಬೀಗಿತಿಯನ್ನು ಕೇಳಿದೆ. ಟೀವಿಯವರಿಗೂ ಗೊತ್ತಿಲ್ಲದ ಮಗಳ ಜ್ಞಾನಕ್ಕೆ ಮೆಚ್ಚಿರಬೇಕು, ಅದು ನನ್ನ ರಕ್ತವೇ ತಾನೇ!

"ಇಂಥ ಅಪ್ಪನ್ನ ಇಷ್ಟು ವರ್ಷ ಸಂಬಾಳಿಸ್ಯಾಳೆ," ಅಂದರು ಬೀಗಿತಿ. "ನಮ್ಮನೆಯಾಗೆ ಅವ್ಳಿಗೆ ಕಷ್ಟ ಅನ್ನೋದು ಏನೈತೆ ಬಿಡ್ರಿ."

ಮಗಳ ಮದುವೆಗೆ ನನ್ನಿಂದಾದ ದೊಡ್ಡ ಉಪಕಾರ ಇದೊಂದೇ, ನಾನು ಹೀಗಿರುವುದು.