ಕಾಲಿಗೆ ಸೂಜಿ, ಕುರ್ಚಿಗೆ ಆಸೆ

ಪಿಲ್ಲಗುಂಪೆಯ ಬೋಲ್ಟ್ ಫ್ಯಾಕ್ಟರಿಯಲ್ಲಿ ಕೂತು ಮಾಡೋ ಕೆಲಸ ಇದ್ದಿದ್ದು ಒಂದೇ. ಬೋಲ್ಟು ಎತ್ತಿ ನೋಡೋದು, ಡಬ್ಬಿಗೆ ಹಾಕೋದು. ಆ ಕುರ್ಚಿ ಖಾಲಿಯಾದಾಗಿನಿಂದ ಮುರಳಿಗೆ ನಿದ್ದೆಯಿಲ್ಲ. ಮೆಷಿನ್ ಮುಂದೆ ನಿಂತೂ ನಿಂತೂ ಅವನ ಮೀನಖಂಡದ ನರಗಳು ಹಾಗಲಬಳ್ಳಿಯಂತೆ ಸುತ್ತಿಕೊಂಡಿದ್ದವು.

"ಕಾಲುನೋವು ಎಲ್ರಿಗೂ ಇರುತ್ತಪ್ಪ," ಎಂದಿದ್ದರು ಮ್ಯಾನೇಜರ್, ತಮ್ಮ ತಿರುಗೋ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ. "ಡಾಕ್ಟರ ಹತ್ರ ಹೋಗ್ಬಾ, ಆಮೇಲೆ ನೋಡೋಣ."

ಮರುದಿನ ಬೆಳಿಗ್ಗೆಯೇ ಹೊಸಕೋಟೆಯಲ್ಲಿ ಡಾಕ್ಟರು ಉಬ್ಬಿದ ನರಕ್ಕೆ ನೊರೆಯಂಥ ಔಷಧಿ ಚುಚ್ಚಿದರು. "ಸ್ವಲ್ಪ ಹೊತ್ತು ಇಲ್ಲೇ ಇರಿ. ಅಪರೂಪಕ್ಕೆ ಕೆಲವರಿಗೆ ತಲೆಗೂ ತೊಂದರೆ ಆಗೋದುಂಟು," ಎಂದರು. ಕಾಲಿಗೆ ಚುಚ್ಚಿದ್ದು ತಲೆಗೆ ಹೋಗುತ್ತಂತೆ! ಮುರಳಿ ಒಳಗೊಳಗೇ ನಕ್ಕು, ನರ್ಸಮ್ಮನ ಕಣ್ಣು ತಪ್ಪಿಸಿ ಹೊರಟ.

ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಕಣ್ಣ ಮುಂದೆ ಅಂಕುಡೊಂಕು ಮಿಂಚು. ಪಕ್ಕದ ಮನೆ ರುಕ್ಮಿಣಮ್ಮ ಅಲ್ಲೇ ಇದ್ದರು. ಅವರಿಲ್ಲದ ಜಾಗ ತಾಲ್ಲೂಕಿನಲ್ಲೇ ಇಲ್ಲ.

"ದೃಷ್ಟಿ ಆಗೈತೆ ಕಣಪ್ಪ," ಎಂದು ಚೀಲದಿಂದ ನಿಂಬೆಹಣ್ಣು ತೆಗೆದು ಹಣೆಗೆ ಹಿಂಡಿದರು. ರಸ ಕಣ್ಣಿಗಿಳಿದು, ಮಿಂಚಿನ ಜತೆ ಉರಿಯೂ ಸೇರಿತು.

ಕೆಂಡದಂಥ ಕಣ್ಣಲ್ಲಿ ತೂರಾಡುತ್ತಾ ಬಂದವನನ್ನು ಫ್ಯಾಕ್ಟರಿ ಗೇಟಿನಲ್ಲಿ ಹಿಡಿದುಕೊಂಡವನು ಗೆಳೆಯ ಅಶೋಕ್. "ಏನ್ ಗುರು, ಬೆಳಿಗ್ಗೇನೇ ಶುರುನಾ?" ಎಂದು, ಪ್ರಾಣಸ್ನೇಹಿತನಲ್ಲವೇ, ಮ್ಯಾನೇಜರಿಗೆ ಕೇಳಿಸುವಷ್ಟು ಪ್ರೀತಿಯಿಂದ ಕೇಳಿದ.

ಮ್ಯಾನೇಜರ್ ಎದುರು ಮುರಳಿ 'ಕುರ್ಚಿ' ಎನ್ನಲು ಹೋದರೆ ನಾಲಿಗೆ 'ಕು' ಹತ್ತಿರವೇ ಕೂತುಬಿಟ್ಟಿತು. ಅವರು ಮೂಸಿದರು.

"ನಿಂಬೆಹಣ್ಣು ಬೇರೆ ಹಿಂಡ್ಕೊಂಡು ಕುಡ್ದಿದೀಯಾ?"

ಕುರ್ಚಿ ಹಾಳಾಗಲಿ, ಇರೋ ಕೆಲಸವೂ ಹೋಯ್ತಲ್ಲಪ್ಪಾ ಎಂದುಕೊಂಡ ಮುರಳಿ. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಅವನ ತೂರಾಟ, ತೊದಲನ್ನೆಲ್ಲಾ ಮ್ಯಾನೇಜರೇ ದೂರು ಕೊಡುವಂತೆ ಹೇಳಿದರು.

"ಅವರು ಕುಡಿದಿಲ್ಲ ರೀ," ಎಂದರು ಡಾಕ್ಟರು. "ಔಷಧಿಯ ಗುಳ್ಳೆ ಮೆದುಳಿನ ತನಕ ಹೋಗಿರಬಹುದು. ತಾನಾಗೇ ಸರಿಹೋಗುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಈಗಲೇ ಆಸ್ಪತ್ರೆಗೆ ಸೇರಿಸಿ."

ಮ್ಯಾನೇಜರ್ ಕರಗಿದರು. "ಪಾಪ. ವಾಪಸ್ ಬಂದ್ಮೇಲೆ ಆ ಕುರ್ಚಿ ಇವನಿಗೇ ಕೊಟ್ಬಿಡ್ತೀನಿ ಡಾಕ್ಟ್ರೇ."

"ಕುರ್ಚಿನಾ? ದಿನವೆಲ್ಲಾ ಕೂರೋದು ಬೇಡವೇ ಬೇಡ. ಇವರು ಚೆನ್ನಾಗಿ ನಡೀಬೇಕು."

ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡಿದರು. ದೇವರ ದಯೆ, ಏನೂ ಆಗಿರಲಿಲ್ಲ. ಸಂಜೆ ಹೊತ್ತಿಗೆ ಮಿಂಚು ಮಾಯವಾಗಿ ಕಣ್ಣು ತಿಳಿಯಾಯಿತು. ಮೊದಲು ಕಂಡಿದ್ದು, ಮಂಚದ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಅಶೋಕ್.

"ನಿನ್ ಆರೋಗ್ಯ ಮುಖ್ಯ ಗುರು. ಮ್ಯಾನೇಜರ್ ನಿಂಗೆ ಟ್ರಾಲಿ ತಳ್ಳೋ ಕೆಲ್ಸ ಕೊಟ್ಟವ್ರೆ. ದಿನಾ ನಡೀತಾನೇ ಇರ್ಬೋದು."

"ಕುರ್ಚಿ?" ಎಂದ ಮುರಳಿ. ಈ ಸಲ ನಾಲಿಗೆ ಎಲ್ಲೂ ತೊದಲಲಿಲ್ಲ.

"ನಂಗೆ ಕೊಟ್ರಪ್ಪ. ಏನ್ ಹೇಳ್ಲಿ, ಅರ್ಧ ದಿನ ಕೂತಿದ್ದಕ್ಕೇ ಸೊಂಟ ಬಿದ್ದೋಗೈತೆ," ಎಂದು ನರಳುತ್ತಾ ಅಶೋಕ್ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡ.