ಕಂಪನಿ ರಿಮ್ಮಿಗೆ ಅಗಲದ ಟೈರು

ಕೊಟ್ಟೂರಿನಲ್ಲಿ ನನ್ನದೊಂದು ಟೈರ್ ಅಂಗಡಿ. ಗಾಡಿ ಕೊಂಡವರಿಗೆ ಮೊದಲ ವಾರ ಗಾಡಿ ಚೆಂದ ಕಾಣುತ್ತದೆ, ಎರಡನೇ ವಾರ ಅದರ ಟೈರು ಸಣಕಲು ಕಾಣುತ್ತದೆ, ಮೂರನೇ ವಾರ ನನ್ನ ಅಂಗಡಿ ಕಾಣುತ್ತದೆ. ರಿಮ್ಮು ಕಂಪನಿಯವರು ಕೊಟ್ಟದ್ದೇ ಇರಬೇಕು, ಟೈರು ಮಾತ್ರ ರೇಸಿನ ಗಾಡಿಯದರಂತೆ ದಪ್ಪ ಇರಬೇಕು. ಬೇಡ ಅಂತ ಹೇಳುವುದು ನನ್ನ ಕೆಲಸ, ಕೇಳದಿರುವುದು ಅವರ ಕೆಲಸ. ಇಬ್ಬರೂ ತಪ್ಪದೆ ಮಾಡುತ್ತಾ ಬಂದಿದ್ದೇವೆ.

೧. ನಡುವೆ ಮಾತ್ರ

ಗುಡೇಕೋಟೆ ಕಡೆಯ ಪಿ.ಟಿ. ಮೇಷ್ಟ್ರೊಬ್ಬರು ಬೈಕ್ ತಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. "ಹಿಂದಿನ ಗಾಲಿ ಹಿಂಗ ಕಾಣಬೇಕ್ರಿ."

"ಸರ, ನಿಮ್ಮ ರಿಮ್ ಸಣ್ಣದೈತಿ. ಇಷ್ಟು ಅಗಲದ ಟೈರ್ ಹಾಕಿದ್ರ ಎರಡೂ ಕಡಿ ಹಿಚುಕಿದಂಗಾಗಿ ನಡುವು ಉಬ್ಬತೈತಿ. ನೆಲಕ್ಕ ತಾಕೋದು ಆ ಉಬ್ಬು ಒಂದ."

"ನೀವು ಹಾಕ್ರಿ, ನಾನು ನೋಡ್ಕೊಂತೀನಿ" ಅಂದರು. ಹಾಕಿದೆ.

ಕೆಲವು ತಿಂಗಳಿಗೆ ವಾಪಸ್ ಬಂದರು. ಟೈರಿನ ನಡುವೆ ಒಂದು ಪಟ್ಟಿ ಪೂರ್ತಿ ಸವೆದು ನುಣ್ಣಗಾಗಿತ್ತು. ಎರಡೂ ಪಕ್ಕ ಮಾತ್ರ ನಿನ್ನೆ ತಂದ ಹಾಗೆ ಹೊಸದು. ನಾನು ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಸೆಕೆ ಅಂತ ಟೋಪಿ ತೆಗೆದರು. ಅಲ್ಲೂ ಹಾಗೇ, ನಡುವೆ ಬೋಳು, ಎರಡೂ ಪಕ್ಕ ಹುಲುಸು. ನನ್ನ ಕಣ್ಣು ಟೈರಿನಿಂದ ಮೇಲಕ್ಕೆ, ಮೇಲಿನಿಂದ ಟೈರಿಗೆ ಒಂದೆರಡು ಸಲ ಓಡಾಡಿತು.

ಮೇಷ್ಟ್ರಿಗೆ ಗೊತ್ತಾಗಿಬಿಟ್ಟಿತು. ಟೋಪಿ ಮತ್ತೆ ಹಾಕಿಕೊಂಡು ಗಂಭೀರವಾಗಿ ಹೇಳಿದರು: "ತಲೀದು ಕಂಪನಿ ಫಿಟಿಂಗ್ರಿ, ಅದನ್ನ ಬಿಡ್ರಿ. ಟೈರಿಂದು ನೋಡ್ರಿ."

೨. ಮೂರು ಲೆಕ್ಕ

ಜಮೀನು ಅಳೆಯುವ ಸರ್ವೇಯರ್ ಒಬ್ಬರು ಕೂಡ್ಲಿಗಿಯಿಂದ ಕಾರು ತಂದರು. ಸುಮ್ಮನೆ ಟೈರ್ ಹಾಕಿಸಿಕೊಳ್ಳುವ ಆಸಾಮಿಯಲ್ಲ. ಟೈರಿನ ಮೇಲೆ ಬರೆದ ಅಂಕಿಗಳ ಅರ್ಥ ಪೂರ್ತಿ ಗೊತ್ತಾಗಬೇಕು ಅಂದರು.

"ಈ ನೂರಾ ಎಂಬತ್ತೈದು?"

"ಟೈರಿನ ಅಗಲ, ಮಿಲಿಮೀಟರ್‌ನಾಗ."

"ಅರವತ್ತೈದು?"

"ಅದು ರಿಮ್ಮಿನ ಮ್ಯಾಲಿನ ರಬ್ಬರಿನ ಎತ್ತರ. ಅಗಲದಾಗ ನೂರಕ್ಕ ಅರವತ್ತೈದು ಪಾಲು."

"ಹದಿನೈದು?"

"ಅದು ರಿಮ್ಮಿನ ವ್ಯಾಸ. ಇಂಚಿನಾಗ."

ಸರ್ವೇಯರ್ ಆ ಟೈರಿಗೆ ಒಂದು ಸಲ ಕೈ ಮುಗಿದು ಹೇಳಿದರು: "ಎಕರೆ, ಗುಂಟೆ, ಆಣೆ ಅಂತ ಮಂದೀನ ಅಂಜಿಸೋರು ನಾವೊಬ್ಬರ ಅಂದ್ಕೊಂಡಿದ್ದೆ ನೋಡ್ರಿ."

೩. ಹೆಣ್ಣು ನೋಡಲು ಹೋದದ್ದು

ಹಗರಿಬೊಮ್ಮನಹಳ್ಳಿಯ ಕರೆಂಟ್ ಆಫೀಸಿನಲ್ಲಿ ಎಂಜಿನಿಯರ್ ಆಗಿರುವ ಹುಡುಗ ಒಂದು ಶನಿವಾರ ಬಂದ. ಮರುದಿನ ಹರಪನಹಳ್ಳಿಗೆ ಹೆಣ್ಣು ನೋಡಲು ಹೋಗುವುದಿತ್ತು. ಕಾರು ಸ್ವಲ್ಪ ರುಬಾಬಿನಿಂದ ಕಾಣಬೇಕು, ಇನ್ನೂರ ಹದಿನೈದರ ಟೈರು ಹಾಕಿ ಅಂದ.

"ತಮ್ಮಾ, ನಿನ್ನ ರಿಮ್ಮಿನ ಅಗಲ ಐದೂವರಿ ಇಂಚು. ನೂರಾ ತೊಂಬತ್ತೈದಕ್ಕ ನಿಲ್ಲು. ಅದಕ್ಕಿಂತ ಅಗಲ ಹಾಕಿದ್ರ ಸ್ಟೇರಿಂಗ್ ಪೂರ್ತಿ ತಿರುವಿದಾಗ ಮಡ್‌ಗಾರ್ಡಿಗೆ ಉಜ್ಜತೈತಿ."

"ಹೈವೇನಾಗ ಪೂರ್ತಿ ಯಾರು ತಿರುವತಾರ ಬಿಡ್ರಿ" ಅಂದ. ಹಾಕಿದೆ.

ಹೈವೇ ಮುಗಿಯುವವರೆಗೂ ಅವನ ಮಾತೇ ಸರಿ. ಆದರೆ ಹೆಣ್ಣಿನ ಮನೆ ಇದ್ದದ್ದು ಎಡಕ್ಕೆ ತಿರುಗಬೇಕಾದ ಒಂದು ಸಂದಿಯ ಬಾಯಲ್ಲೇ. ತಿರುವಿದ. ಗರ್ರ್ ಅಂತ ಇಡೀ ಓಣಿ ತಿರುಗಿ ನೋಡುವಂಥ ಸದ್ದು. ಹಿಂದೆ ಕೂತ ತಾಯಿ, ಸೋದರಮಾವ ಇಬ್ಬರೂ ಹೌಹಾರಿದರು. ಸ್ಟೇರಿಂಗ್ ನೇರ ಮಾಡಿ ಮುಂದಕ್ಕೆ ಹೋದ, ಊರು ಸುತ್ತಿ ಮತ್ತೆ ಬಂದ. ಮತ್ತೆ ಗರ್ರ್. ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರು ಪ್ರತಿ ಸಲ ಕೈ ಮುಗಿಯುವುದು, ಕಾರು ಪ್ರತಿ ಸಲ ಅವರನ್ನು ದಾಟಿ ಹೋಗುವುದು. ಮೂರನೇ ಸುತ್ತಿಗೆ ಕಾರನ್ನು ಮೂಲೆಯಲ್ಲಿ ಬಿಟ್ಟು ನಡೆದು ಬಂದರು.

"ಎರಡು ಸಲ ಬಂದು ಹೋದ್ರಿ, ಏನಾರ ತೊಂದ್ರೆ ಆತೇನ್ರಿ?" ಅಂತ ಹೆಣ್ಣಿನ ಅಪ್ಪ ಕೇಳಿದರು.

ಸೋದರಮಾವ ಮಾತಿನಲ್ಲಿ ಗಟ್ಟಿಗ. "ರಾಹುಕಾಲ ಇತ್ತ್ರಿ. ಮುಗೀಲಿ ಅಂತ ಸುತ್ತಾಡಿದ್ವಿ." ಮನೆಮಂದಿಯೆಲ್ಲ ಮೆಚ್ಚಿ ತಲೆದೂಗಿದರು.

ಹುಡುಗಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಬ್ಬರನ್ನೇ ಮಾತಾಡಲು ಬಿಟ್ಟಾಗ ಮೆಲ್ಲಗೆ ಕೇಳಿದಳಂತೆ: "ರಾಹುಕಾಲ ಎಡಕ್ಕೆ ತಿರುಗಿದಾಗ ಅಷ್ಟೇ ಬರ್ತೈತೋ, ಬಲಕ್ಕೆ ತಿರುಗಿದ್ರೂ ಬರ್ತೈತೋ?"

ಇವನು ಬೆವತು, ರಿಮ್ಮು, ಟೈರು, ನನ್ನ ಮಾತು, ತನ್ನ ಹಟ ಎಲ್ಲ ಒಪ್ಪಿಕೊಂಡ. ಅವಳು ನಗಲಿಲ್ಲ. "ಮೊದಲು ಅಳತಿ ಸರಿ ಇರೋ ಟೈರ್ ಹಾಕಿಸಿ ಫೋಟೋ ಕಳಿಸ್ರಿ. ಆಮೇಲೆ ಹೇಳ್ತೀನಿ" ಅಂದಳಂತೆ.

ಸೋಮವಾರ ನಾನು ಅಂಗಡಿ ತೆಗೆಯುವಾಗಲೇ ಬಂದು ನಿಂತಿದ್ದ. ನೂರಾ ಎಂಬತ್ತೈದರ ನಾಲ್ಕು ಟೈರು ಹಾಕಿದೆ. ಅಂಕಿ ಸ್ಪಷ್ಟ ಕಾಣಲಿ ಅಂತ ಬಟ್ಟೆಯಿಂದ ಒರೆಸಿ ಫೋಟೋ ತೆಗೆದು ಕಳಿಸಿದ. ಉತ್ತರ ಬರುವವರೆಗೆ ಇಬ್ಬರೂ ಮೊಬೈಲನ್ನೇ ನೋಡುತ್ತಾ ನಿಂತೆವು. ನನಗಂತೂ ಅದು ನನ್ನದೇ ಸಂಬಂಧ ಅನ್ನುವಷ್ಟು ಎದೆ ಹೊಡೆದುಕೊಳ್ಳುತ್ತಿತ್ತು.

ಟಿಣ್ ಅಂತು. ಓದಿದವನ ಮುಖ ಕೆಂಪಾಯಿತು. ಮೊಬೈಲ್ ನನ್ನ ಕೈಗೆ ಕೊಟ್ಟ.

"ಟೈರ್ ಪಾಸು. ಈಗ ನಿಮ್ಮದೊಂದು ಫೋಟೋ ಕಳಿಸ್ರಿ. ನಿನ್ನೆ ಗಮನ ಎಲ್ಲ ಗಾಲಿ ಮೇಲಿತ್ತು, ಮುಖ ನೋಡೋದು ಮರೆತೆ."