ದಿನಕ್ಕೊಂದು ಗೇಣು ನಡೆದ ಮನೆ

ಹೊಗೆಕೊಳವೆಯುಳ್ಳ ಯಾವುದೇ ವಸ್ತು ಇಪ್ಪತ್ತನಾಲ್ಕು ಗಂಟೆ ಅಲುಗಾಡದೆ ನಿಂತರೆ ಅದು ಕಟ್ಟಡ. ತಳಪಾಯವಿಲ್ಲದ ಕಟ್ಟಡವನ್ನು ಕೆಡವತಕ್ಕದ್ದು. ಇದು ನ್ಯೂಜಿಲೆಂಡಿನ ವೈತಾರು ಪಟ್ಟಣಸಭೆಯ ನಿಯಮ. ದೇವರು ಬಲ್ಲ, ಅದರಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ.

ಈಸ್ಟರ್ ಮೇಳಕ್ಕೆ ಬಂದ ಲಾರಿಮನೆಗಳಲ್ಲಿ ಉಣ್ಣೆ ಟೋಪಿ ಮಾರುವ ನೊಯ್ಲೀನಳದೂ ಒಂದು. ಕೆಡವಿದ ಚರ್ಚಿನ ಹಲಗೆ, ಕಿಟಕಿ ತಂದು, ಹಳೇ ಲಾರಿಯ ಬೆನ್ನ ಮೇಲೆ ಅವಳೂ ತೀರಿಹೋದ ಗಂಡನೂ ಕಟ್ಟಿದ ಮನೆ, ಮೇಲೊಂದು ಹೊಗೆಕೊಳವೆ. ಅವಳಿಗೆ ಬೇರೆ ಸೂರಿಲ್ಲ. ಶುಕ್ರವಾರ ಮೈದಾನ ಮುಟ್ಟುತ್ತಲೇ ಗೇರ್‌ಬಾಕ್ಸ್ ಕೆಟ್ಟಿತು. ಗ್ಯಾರೇಜುಗಳೆಲ್ಲ ಮಂಗಳವಾರದವರೆಗೆ ಬಂದ್.

ಮರುದಿನ ಕಟ್ಟಡಾಧಿಕಾರಿ ಪ್ರೆಬಲ್ ಪೈಪ್ ಸೇದುತ್ತ ಬಂದ.

"ನಿನ್ನೆ ಹತ್ತಕ್ಕೆ ನಿಂತದ್ದು. ಇನ್ನು ಕಾಲು ಗಂಟೆಗೆ ಇದು ಕಟ್ಟಡ, ನೊಯ್ಲೀನ್ ಅವರೇ. ನನಗೂ ಬೇಜಾರೇ."

"ಎಷ್ಟು ದೂರ ಹೋದ್ರೆ ವಾಹನ?"

ಪ್ರೆಬಲ್ ಪುಸ್ತಕ ತಿರುವಿದ. "ದೂರ ಬರೆದಿಲ್ಲ."

ಪಕ್ಕದ ಲಾರಿಯಲ್ಲಿ ಮಾರಾಟಕ್ಕೆ ಮೂಳೆಯ ಪದಕ ಕೆತ್ತುತ್ತಿದ್ದ ತಾಮಾತಿ ಎದ್ದ. "ಬಾ ಅಕ್ಕ, ತಳ್ಳೋಣ. ಸಾಹೇಬ್ರೇ, ನೀವೂ ಬನ್ನಿ. ಹೊಗೆ ಬಿಡ್ತಾ ಹಾಗೇ ನಿಂತ್ರೆ ನೀವೂ ಕಟ್ಟಡ ಆಗ್ತೀರಿ."

ಎಂಟು ಜನ ತಳ್ಳಿದರು. ಲಾರಿ ಒಂದು ಗೇಣು ಹೋಯಿತು. ಪ್ರೆಬಲ್ ಟೇಪು ಹಿಡಿದು ಅಳೆದು, 'ಪ್ರಯಾಣ ಸುಖಕರ' ಎಂದು ಬರೆದುಕೊಂಡ. ನೊಯ್ಲೀನ್ ಕಣ್ಣು ಮುಚ್ಚಿ ಕರ್ತನನ್ನು ನೆನೆದಳು.

ಮಧ್ಯಾಹ್ನ ಪಟ್ಟಣಸಭೆಯ ಪ್ರಕಟಣೆ ಹೊರಟಿತು: 'ಲಾರಿಮನೆಗಳ ದೈನಂದಿನ ಪ್ರಯಾಣಕ್ಕೆ ಅಧಿಕಾರಿಯ ಸಾಕ್ಷಿ ಕಡ್ಡಾಯ. ಸದರಿ ಸಾಕ್ಷಿ ಒಂದು ದಿನ ತಪ್ಪಿದರೂ ಹಿಂದಿನ ಪ್ರಯಾಣಗಳೆಲ್ಲ ರದ್ದು. ಅಧಿಕಾರಿಯು ಸ್ಥಳದಲ್ಲೇ ವಾಸಿಸತಕ್ಕದ್ದು.'

ಸಂಜೆಯೊಳಗೆ ಪ್ರೆಬಲನಿಗೊಂದು ಮರದ ಕಚೇರಿ ಎದ್ದಿತು. ಆ ನಾಡಿನಲ್ಲಿ ಈಸ್ಟರ್ ಕಳೆದರೆ ಚಳಿಗಾಲವಾದ್ದರಿಂದ ಒಳಗೆ ಒಲೆ, ಮೇಲೆ ಹೊಗೆಕೊಳವೆ.

ಭಾನುವಾರ ಸಂಜೆ ಪ್ರಾರ್ಥನೆ ಮುಗಿಸಿ ಬಂದ ನೊಯ್ಲೀನ್ ನೋಡುತ್ತಾಳೆ, ಪ್ರೆಬಲ್ ತನಗೆ ತಾನೇ ನೋಟಿಸು ಬರೆದು, ಸಹಿ ಹಾಕಿ ಸ್ವೀಕರಿಸಿ, ಮೆಟ್ಟಿಲ ಮೇಲೆ ಕೂತಿದ್ದಾನೆ.

"ಕಚೇರಿಗೂ ತಳಪಾಯವಿಲ್ಲ, ಕೆಡವಬೇಕು. ಕಚೇರಿ ಇಲ್ಲದಿದ್ರೆ ಸಾಕ್ಷಿ ಇಲ್ಲ. ಆಮೇಲೆ ನಿಮ್ಮ ಮನೆಯೂ ಹೋಯ್ತು."

"ಅಳಬೇಡಿ, ಬನ್ ತಿನ್ನಿ," ಎಂದಳು ಆಕೆ. "ತಾಮಾತಿ ಹತ್ರ ಹಳೇ ಚಕ್ರ ಇವೆ."

ಮಂಗಳವಾರ ಗೇರ್‌ಬಾಕ್ಸ್ ಸರಿಹೋಯಿತು. ಮೇಳ ಮುಂದಿನ ಊರಿಗೆ ಹೊರಟಿತು. ಸಾಕ್ಷಿ ತಪ್ಪುವಂತಿಲ್ಲವಲ್ಲ, ಚಕ್ರ ಹಾಕಿದ ಪ್ರೆಬಲನ ಕಚೇರಿಯನ್ನು ನೊಯ್ಲೀನಳ ಲಾರಿಯ ಹಿಂದೆ ಹಗ್ಗದಿಂದ ಬಿಗಿಯಲಾಯಿತು. "ಸರ್ಕಾರಿ ಕೆಲಸ, ಹೋಗಲೇಬೇಕು," ಎಂದು ಅವನ ಹೆಂಡತಿ ಮರ್ಲ್ ಹೆಣಿಗೆಯ ಬುಟ್ಟಿಯೊಂದಿಗೆ ಹತ್ತಿಕೊಂಡಳು. ಅವಳ ಕಾಲುಚೀಲಗಳಿಗೆ ಈಗ ಒಳ್ಳೆಯ ಗಿರಾಕಿಗಳಿದ್ದಾರೆ.

ಪ್ರತಿದಿನ ಒಂಬತ್ತು ಮುಕ್ಕಾಲಿಗೆ, ಮೊದಲು ನೊಯ್ಲೀನಳ ಮನೆ, ಆಮೇಲೆ ಕಚೇರಿ, ಗೇಣು ಗೇಣು ಮುಂದೆ ಹೋಗುತ್ತವೆ. ಪಕ್ಕದ ಪಟ್ಟಣಸಭೆಯವರೂ ಈ ಕ್ರಮವನ್ನು ಮೆಚ್ಚಿ ತಮ್ಮೊಬ್ಬ ಅಧಿಕಾರಿಯನ್ನು ಕಳಿಸಿಕೊಟ್ಟಿದ್ದಾರೆ. ಭಗವಂತ ಅವನಿಗೆ ತಳ್ಳಲು ಒಳ್ಳೆಯ ಭುಜ ಕೊಟ್ಟಿದ್ದಾನೆ.